ಮಗ್ಗುಲು

ಮೂರು ಮಿಲಿ ರಾಳ, ಮೂರು ಮಿಲಿ ಹಾರ್ಡ್‌ನರ್,
ಬೇರೆ ಬೇರೆ ಸಿರಿಂಜಿನಲ್ಲಿ.
ಬೆರೆತ ಮೇಲೆ ಹೊತ್ತು ನನ್ನ ಕೈಲಿಲ್ಲ.
ಐದು ನಿಮಿಷ ಕಲಕಬೇಕು, ಗುಳ್ಳೆ ಏಳದ ಹಾಗೆ,
ರೋಗಿ ಮಲಗಿದ ಕೋಣೆಯಲ್ಲಿ
ಕಾಫಿಗೆ ಸಕ್ಕರೆ ಕಲಕುವ ಹಾಗೆ.

ಗಾಳದ ಕೋಲಿನ ಮೈಗೆ ಒಂಬತ್ತು ಉಂಗುರ.
ಉಂಗುರದ ಕಾಲಿಗೆ ನಾನೇ ಸುತ್ತಿದ ರೇಷ್ಮೆ ನೂಲು,
ಉದುರುವ ಮುಂಚಿನ ಮೇಪಲ್ ಎಲೆಯ ಕೆಂಪು,
ಅಂಚಿಗೆ ನಾಲ್ಕೆಳೆ ಹೊಂಬಣ್ಣ.
ಕುಂಚದಿಂದ ರಾಳ ಕುಡಿಸಿದೆ. ಕುಡಿದು ಕಪ್ಪಾಯಿತು, ಆಮೇಲೆ ಹೊಳೆಯಿತು.
ಸ್ಪಿರಿಟ್ ದೀಪ ಹತ್ತಿರ ತಂದರೆ
ಉಳಿದ ಗುಳ್ಳೆಗಳು ಒಂದೊಂದೇ ಒಡೆದವು.

ಇನ್ನು ತಿರುಗಿಸುವುದು ಮೋಟಾರಿನ ಕೆಲಸ.
ಕೆಟ್ಟ ಮೈಕ್ರೋವೇವಿನಿಂದ ಉರ್ಹೊ ಬಿಚ್ಚಿ ತೆಗೆದದ್ದು,
ನಿಮಿಷಕ್ಕೆ ಆರು ಸುತ್ತು, ಎಂಟು ತಾಸು.
ನಿಂತಿತೋ, ರಾಳ ಹಸುವಿನ ಕೆಚ್ಚಲಿನಂತೆ
ಒಂದೇ ಮಗ್ಗುಲಿಗೆ ಜೋತು, ಹಾಗೇ ಕಲ್ಲಾಗುತ್ತದೆ.
ಕೆರೆದರೆ ನೂಲೂ ಕಿತ್ತು ಬರುತ್ತದೆ.

ಒಂಬತ್ತೂ ಹತ್ತಕ್ಕೆ ಕರೆಂಟು ಹೋಯಿತು.
ಹೊರಗೆ ಹಿಮವಲ್ಲ, ಹಿಮವಾಗಲಾರದೆ ಸೋತ ಮಳೆ;
ಬಿದ್ದಲ್ಲೇ ಗಾಜಾಗಿ ತಂತಿಗಳಿಗೆ ಭಾರ ಕಟ್ಟುತ್ತಿತ್ತು.
ಹ್ಯಾಂಕಾಕ್‌ ಗುಡ್ಡದವರೆಗೆ ಒಂದು ದೀಪವಿಲ್ಲ.
ಸುಪೀರಿಯರ್ ಸರೋವರ ಕತ್ತಲಲ್ಲಿ
ತನ್ನ ಕಲ್ಲುಗಳನ್ನು ಉರುಳಿಸಿಕೊಂಡಿತ್ತು.

ಒಲೆಗೆ ಎರಡು ಬರ್ಚ್ ಕೊರಡು ಹಾಕಿ, ಲಾಟೀನು ಹತ್ತಿಸಿ,
ಕುರ್ಚಿ ಎಳೆದು ಕೂತೆ.
ಕಾಲು ಸುತ್ತು. ಇಪ್ಪತ್ತು ಎಣಿಸು. ಕಾಲು ಸುತ್ತು.
ಈ ಲೆಕ್ಕ ಕೈಗೆ ಹೊಸದಲ್ಲ.
ಆ ಕೊನೆಯ ಎಂಟು ತಿಂಗಳು ಉರ್ಹೊನನ್ನೂ ಹೀಗೇ,
ಎರಡು ತಾಸಿಗೊಮ್ಮೆ,
ಭುಜದ ಕೆಳಗೊಂದು ಕೈ, ಸೊಂಟದ ಕೆಳಗೊಂದು ಕೈ,
ಬೆನ್ನು ಹುಣ್ಣಾಗದ ಹಾಗೆ.
ಆಗ ಅವನ ತಮ್ಮ ಬರಲಿಲ್ಲ, ಎರಡು ಮನೆಯಾಚೆ ಇದ್ದೂ.
ಹೊಗೆಯಲ್ಲಿ ಒಣಗಿಸಿದ ಮೀನನ್ನು ಕಾಗದದಲ್ಲಿ ಸುತ್ತಿ
ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದ.
ನಾಯಿಗೆ ಹಾಕುತ್ತಿದ್ದೆ.

ಹನ್ನೊಂದರ ಮೇಲೆ ಬಾಗಿಲು ತಟ್ಟಿದ್ದು ಅವನೇ, ರೇಯ್ನೊ.
ಟೋಪಿಯ ಮೇಲೆ ಮಂಜುಗಡ್ಡೆ, ಬೂಟಿನಡಿ ಮುಳ್ಳಿನ ಪಟ್ಟಿ.
"ಸೌದೆ ಇದೆಯಾ?" ಅಂದ.
"ಇದೆ."
"ಕುಡಿಯೋ ನೀರು?"
"ಇದೆ. ಬಾಗಿಲು ಹಾಕು, ಚಳಿ ರಾಳಕ್ಕಾಗೋದಿಲ್ಲ."
ಹಾಕಿದ, ಒಳಗೇ ಉಳಿದ.
ಸ್ವಲ್ಪ ಹೊತ್ತು ನನ್ನ ಕೈ ನೋಡುತ್ತ ನಿಂತ.
"ಯಾವ ಕಡೆಗೆ?"
"ನನ್ನ ಕಡೆಗೆ. ಯಾವಾಗಲೂ ಒಂದೇ ಕಡೆಗೆ."

ಅವನ ಬೆರಳು ದಪ್ಪ, ಬಲೆ ಎಳೆದೆಳೆದು ಸೊಟ್ಟಗಾದವು.
ಮೊದಲ ಸಲ ಅರ್ಧ ಸುತ್ತು ತಿರುಗಿಸಿಬಿಟ್ಟ. ಬೈದೆ.
ಬರಬರುತ್ತ ಹದ ಸಿಕ್ಕಿತು.
ತುಟಿ ಅಲುಗುತ್ತಿತ್ತು, ಫಿನ್ನಿಶ್ ಎಣಿಕೆ, ಅವರಮ್ಮ ಕಲಿಸಿದ್ದು.
ಉರ್ಹೊ ನಿದ್ದೆಯಲ್ಲಿ ಅದನ್ನೇ ಎಣಿಸುತ್ತಿದ್ದ,
ಏಳಕ್ಕೆ ನಿಲ್ಲುತ್ತಿದ್ದ.
ಇವನಿಗೆ ಅದನ್ನು ಹೇಳಲಿಲ್ಲ.

ನಾನೊಂದು ತಾಸು, ಅವನೊಂದು ತಾಸು. ನಡುವೆ ಕಾಫಿ.
ಒಂದರ ಸುಮಾರಿಗೆ ರಾಳ ಜೇನಾಯಿತು.
ಮೂರಕ್ಕೆ ಎರಡೆಳೆ ಪಾಕ.
ಐದಕ್ಕೆ, ಪರೀಕ್ಷೆಗೆಂದು ತಗಡಿನ ಮೇಲೆ ಬಿಟ್ಟ ತೊಟ್ಟನ್ನು
ಉಗುರಿನಿಂದ ಒತ್ತಿದೆ: ಗುರುತು ಬಿತ್ತು, ಅಂಟಲಿಲ್ಲ.
"ಸಾಕು" ಅಂದೆ.
ಅವನಿಗೆ ಕೇಳಿಸಲಿಲ್ಲವೋ ಏನೋ.
ಇನ್ನೂ ಎಂಟು ಹತ್ತು ಸಲ ತಿರುಗಿಸಿದ,
ಒಂದೊಂದು ಸಲವೂ
ಇನ್ನೊಂದು ಕೈಯನ್ನು ಕೆಳಗೆ ಆನಿಕೆ ಕೊಟ್ಟು.

ಬೆಳಕಿಗೆ ಹಿಡಿದು ನೋಡಿದಾಗ ಕಂಡದ್ದು:
ನಾಲ್ಕನೇ ಉಂಗುರದ ಪಕ್ಕ, ರಾಳದೊಳಗೆ,
ಕಮಾನಾಗಿ ಬಾಗಿದ ಒಂದು ಬಿಳಿ ಕೂದಲು.
ನಮ್ಮ ನಾಯಿ ಕಪ್ಪು.
ಕೆರೆದು ತೆಗೆಯಲಿಲ್ಲ.
ಡುಲುತ್‌ನ ಗಿರಾಕಿಗೆ ಐದು ಡಾಲರ್ ಬಿಟ್ಟುಕೊಟ್ಟೆ.